ಮೆಡಲೀನ್ ಪ್ರಕರಣ: ಡಿಎನ್‌ಎ ಸಿಕ್ಕ ಮೇಲೂ ಕೇಸು ಯಾಕೆ ಬಿದ್ದುಹೋಯಿತು?

ಪ್ರಶ್ನೆ: ಬ್ರಿಟನ್ನಿನ ಮೆಡಲೀನ್ ಮೆಕ್ಯಾನ್ ಎಂಬ ಮಗು ಪೋರ್ಚುಗಲ್‌ನಲ್ಲಿ ಕಾಣೆಯಾದ ಬಗ್ಗೆ ನೆಟ್‌ಫ್ಲಿಕ್ಸ್‌ನಲ್ಲಿರುವ ಎಂಟು ಕಂತಿನ ಸಾಕ್ಷ್ಯಚಿತ್ರ ನೋಡಿ ಮುಗಿಸಿದೆ. ಪೊಲೀಸರು ಕೋಣೆಗೆ ಬೀಗ ಹಾಕಲಿಲ್ಲವಂತೆ, ನಾಯಿಗೆ ಹೆಣದ ವಾಸನೆ ಸಿಕ್ಕಿತಂತೆ, ಕಾರಿನಲ್ಲಿ ಡಿಎನ್‌ಎ ಸಿಕ್ಕಿತಂತೆ. ಕೊನೆಗೆ ಏನೂ ಆಗಲಿಲ್ಲ. ಡಿಎನ್‌ಎ ಸಿಕ್ಕ ಮೇಲೂ ಕೇಸು ಬಿದ್ದುಹೋಗುವುದು ಹೇಗೆ? ತಪ್ಪೆಲ್ಲ ಪೊಲೀಸರದ್ದೇನಾ? ಇಂಥದ್ದು ನಮ್ಮಲ್ಲಾದರೆ ಮನೆಯವರು ಮೊದಲು ಏನು ಮಾಡಬೇಕು?

ಉತ್ತರ: ಪೊಲೀಸರು ಎಡವಿದ್ದು ನಿಜ. ಆದರೆ ಅವರ ತಪ್ಪುಗಳೆಲ್ಲ ಒಂದೇ ತೂಕದವಲ್ಲ. ಕೆಲವನ್ನು ಆಮೇಲೆ ತಿದ್ದಬಹುದಿತ್ತು, ತಿದ್ದಿದರು ಕೂಡ. ಕೆಲವನ್ನು ಮರುದಿನ ಬೆಳಗಾಗುವಷ್ಟರಲ್ಲೇ ಯಾರಿಂದಲೂ ತಿದ್ದಲಾಗದಂತಾಗಿತ್ತು. ಎಂಟು ಗಂಟೆ ಪರದೆ ನೋಡಿದವರ ತಲೆಯಲ್ಲಿ ಇವೆಲ್ಲ ಒಂದೇ ರಾಶಿಯಾಗಿ ಬೀಳುತ್ತವೆ. ಅದಕ್ಕೇ ನಾಯಿ, ಡಿಎನ್‌ಎ, ಬೀಗ ಮೂರೂ ನಿಮ್ಮ ಪ್ರಶ್ನೆಯಲ್ಲಿ ಒಂದೇ ಉಸಿರಿನಲ್ಲಿ ಬಂದಿವೆ. ಬಿಡಿಸಿ ನೋಡೋಣ.

ಮೊದಲು ಘಟನೆ. 2007ರ ಮೇ 3, ಗುರುವಾರ. ಪೋರ್ಚುಗಲ್‌ನ ದಕ್ಷಿಣದಂಚಿನ ಅಲ್ಗಾರ್ವ್ ಪ್ರಾಂತ್ಯದ ಪ್ರೈಯಾ ದ ಲುಜ್ ಎಂಬ ಕಡಲೂರು. ಅಲ್ಲಿನ ಓಷನ್ ಕ್ಲಬ್ ರೆಸಾರ್ಟಿನ 5ಎ ನಂಬರಿನ ನೆಲಮಹಡಿಯ ಮನೆಯಲ್ಲಿ, ಇನ್ನೊಂಬತ್ತು ದಿನಕ್ಕೆ ನಾಲ್ಕು ತುಂಬಲಿದ್ದ ಮೆಡಲೀನ್ ಮತ್ತು ಎರಡು ವರ್ಷದ ಅವಳಿ ತಮ್ಮ-ತಂಗಿ ಮಲಗಿದ್ದರು. ತಂದೆ ಗೆರ್ರಿ, ತಾಯಿ ಕೇಟ್, ಇಬ್ಬರೂ ವೈದ್ಯರು. ರಾತ್ರಿ 8.30ರ ಹೊತ್ತಿಗೆ ಏಳು ಮಂದಿ ಗೆಳೆಯರ ಜೊತೆ ಈಜುಕೊಳದ ಆಚೆಗಿದ್ದ ಹೋಟೆಲಿನಲ್ಲಿ ಊಟಕ್ಕೆ ಕೂತರು. ಗೆರೆ ಎಳೆದಂತೆ ಅಳೆದರೆ ಸುಮಾರು 55 ಮೀಟರ್ ದೂರ. ಅರ್ಧ ಗಂಟೆಗೊಮ್ಮೆ ಯಾರಾದರೂ ಎದ್ದು ಹೋಗಿ ಮಕ್ಕಳನ್ನು ನೋಡಿ ಬರುವುದು ಎಂದು ಏರ್ಪಾಡು. ಮಕ್ಕಳ ನಿದ್ದೆ ಕೆಡಬಾರದೆಂದು ಹಿಂಬದಿಯ ಜಾರುಬಾಗಿಲಿಗೆ ಚಿಲಕ ಹಾಕಿರಲಿಲ್ಲ. 9.05ರ ಸುಮಾರಿಗೆ ತಂದೆ ಹೋದಾಗ ಮಗು ಮಂಚದಲ್ಲಿತ್ತು. 9.30ಕ್ಕೆ ಹೋದ ಗೆಳೆಯರೊಬ್ಬರಿಗೆ ಅವಳಿಗಳು ಕಂಡರು. ಮೆಡಲೀನ್‌ಳ ಮಂಚ ಕಾಣುವಷ್ಟು ಅವರು ಒಳಗೆ ಹೋಗಲಿಲ್ಲ. 10 ಗಂಟೆಗೆ ತಾಯಿ ಹೋದರು. ಮಗು ಇರಲಿಲ್ಲ.

ಈಗ ಡಿಎನ್‌ಎ. ಈ ಕೇಸಿನಲ್ಲಿ ಅತಿ ಹೆಚ್ಚು ಜನ ತಪ್ಪಾಗಿ ತಿಳಿದಿರುವುದು ಇದನ್ನೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಾದರಿ ಸಿಕ್ಕಿದ್ದು ರೆನೋ ಸೀನಿಕ್ ಕಾರಿನ ಡಿಕ್ಕಿಯಲ್ಲಿ. ಆ ಕಾರನ್ನು ದಂಪತಿ ಬಾಡಿಗೆಗೆ ತೆಗೆದುಕೊಂಡಿದ್ದು ಮೇ 27ರಂದು, ಮಗು ಕಾಣೆಯಾಗಿ 24 ದಿನದ ಮೇಲೆ. ಮಾದರಿಯನ್ನು ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಬಳಸಿದ ವಿಧಾನಕ್ಕೆ ಲೋ ಕಾಪಿ ನಂಬರ್ ಎಂದು ಹೆಸರು. ಮಾಮೂಲಿ ಪರೀಕ್ಷೆಯಲ್ಲಿ ಡಿಎನ್‌ಎ ತುಣುಕನ್ನು 28 ಸುತ್ತು ನಕಲು ಮಾಡಿ ಹೆಚ್ಚಿಸಿದರೆ, ಇದರಲ್ಲಿ 34 ಸುತ್ತು. ಪ್ರತಿ ಸುತ್ತಿಗೂ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ಬೆರಳೆಣಿಕೆಯ ಜೀವಕೋಶ ಇದ್ದರೂ ಫಲಿತಾಂಶ ಬರುತ್ತದೆ. ತೊಂದರೆಯೂ ಅಲ್ಲೇ ಇದೆ. ಬೇಕಾದದ್ದು ಹಿಗ್ಗುವಂತೆ ಬೇಡದ್ದೂ ಹಿಗ್ಗುತ್ತದೆ. ಹಿಂದೆ ಆ ಕಾರು ಬಾಡಿಗೆಗೆ ಪಡೆದವರ ಕೈಬೆವರು, ಯಾರೋ ಸೀನಿದ್ದು, ಎಲ್ಲ ಸೇರುತ್ತದೆ. ಜೊತೆಗೆ ನಿಜವಾಗಿ ಇದ್ದ ಕೆಲವು ಗುರುತುಗಳು ಬಿಟ್ಟೂ ಹೋಗಬಹುದು.

ಆಗಿನ ಪರೀಕ್ಷೆಯಲ್ಲಿ ಲಿಂಗ ಹೇಳುವ ಒಂದು ಗುರುತನ್ನು ಬಿಟ್ಟರೆ, ಡಿಎನ್‌ಎಯ ಹತ್ತು ಜಾಗಗಳನ್ನು ನೋಡುತ್ತಿದ್ದರು. ಪ್ರತಿ ಜಾಗದಲ್ಲೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಗುರುತು. ಒಬ್ಬ ಮನುಷ್ಯನಿಗೆ ಹೆಚ್ಚೆಂದರೆ 20. ಮೆಡಲೀನ್‌ಗೆ ಒಂದು ಜಾಗದಲ್ಲಿ ಇಬ್ಬರಿಂದಲೂ ಒಂದೇ ಗುರುತು ಬಂದಿದ್ದರಿಂದ ಅವಳ ಲೆಕ್ಕ 19. ಡಿಕ್ಕಿಯ ಮಾದರಿಯಲ್ಲಿ ಆ 19ರಲ್ಲಿ 15 ಇದ್ದವು. ಈ ಸಾಲು ಇಲ್ಲಿಗೇ ನಿಂತರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಸೆಪ್ಟೆಂಬರ್ 3ರಂದು ಪ್ರಯೋಗಾಲಯದ ವಿಜ್ಞಾನಿ ಕಳಿಸಿದ ಇಮೇಲ್ ಅಲ್ಲಿಗೆ ನಿಂತಿರಲಿಲ್ಲ. ಮಾದರಿಯಲ್ಲಿದ್ದ ಒಟ್ಟು ಗುರುತು 37, ಅಂದರೆ ಕನಿಷ್ಠ ಮೂವರ ಡಿಎನ್‌ಎ ಬೆರೆತಿದೆ ಎಂದೂ ಅದರಲ್ಲಿತ್ತು. ಮೆಡಲೀನ್‌ಳ ಈ ಬಿಡಿ ಗುರುತುಗಳು ಅವಳಿಗೆ ಮಾತ್ರ ಸೇರಿದವಲ್ಲ, ತನ್ನನ್ನೂ ಸೇರಿಸಿ ಪ್ರಯೋಗಾಲಯದ ಎಷ್ಟೋ ಜನರಲ್ಲಿ ಅವುಗಳಲ್ಲಿ ಕೆಲವು ಸಿಗುತ್ತವೆ, ಅರ್ಥ ಹೇಳಲಾಗದಷ್ಟು ಕಲಸುಮೇಲೋಗರವಾಗಿದೆ ಎಂಬುದು ಅವರ ಮಾತಿನ ತಾತ್ಪರ್ಯ.

ಒಂದು ಲಗ್ನಪತ್ರಿಕೆಯನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿ ಚೀಲಕ್ಕೆ ಹಾಕಿ ಕಲಸಿ. ಅದರಲ್ಲಿ ನಿಮ್ಮ ಪೂರ್ತಿ ಹೆಸರಿನ ಮುಕ್ಕಾಲು ಪಾಲು ಅಕ್ಷರ ಸಿಕ್ಕೇ ಸಿಗುತ್ತವೆ. ಹಾಗೆಂದು ಆ ಪತ್ರಿಕೆಯಲ್ಲಿ ನಿಮ್ಮ ಹೆಸರು ಅಚ್ಚಾಗಿತ್ತು ಎನ್ನಲು ಬರುವುದಿಲ್ಲ. ಇಲ್ಲಿ ಇನ್ನೂ ಒಂದು ಸಿಕ್ಕು: ಆ ಕಾರಿನಲ್ಲಿ ದಿನವೂ ಓಡಾಡಿದವರು ಮಗುವಿನ ಅಪ್ಪ, ಅಮ್ಮ, ಒಡಹುಟ್ಟಿದವರು. ಮಗುವಿನ ಗುರುತಿನಲ್ಲಿ ಅರ್ಧ ಅಪ್ಪನದು, ಅರ್ಧ ಅಮ್ಮನದು. ಅಪ್ಪ-ಅಮ್ಮ ಇಬ್ಬರದೂ ಬೆರೆತ ಕಲೆಯಲ್ಲಿ ಮಗಳ ಗುರುತು ಕಾಣುವುದರಲ್ಲಿ ಸೋಜಿಗವೇ ಇಲ್ಲ. ಹೋಗಲಿ, 19ಕ್ಕೆ 19 ಹೊಂದಿತ್ತೆಂದೇ ಇಟ್ಟುಕೊಳ್ಳಿ. ಮನೆ ಖಾಲಿ ಮಾಡುವಾಗ ಮಗುವಿನ ಬಟ್ಟೆ, ಆಟಿಕೆ ಸಾಗಿಸಿದ ಕಾರು ಅದು. ಡಿಎನ್‌ಎ ಯಾರದು ಎಂದು ಹೇಳುತ್ತದೆ; ಯಾವತ್ತು ಬಂತು, ಹೇಗೆ ಬಂತು ಎಂದು ಹೇಳುವುದಿಲ್ಲ.

ಇಮೇಲ್ ಬಂದ ನಾಲ್ಕನೇ ದಿನ, ಸೆಪ್ಟೆಂಬರ್ 7ರಂದು, ದಂಪತಿಯನ್ನು ಔಪಚಾರಿಕವಾಗಿ ಶಂಕಿತರೆಂದು ಘೋಷಿಸಿದರು. ವಿಚಾರಣೆಯಲ್ಲಿ 15 ಎಂಬ ಸಂಖ್ಯೆ ಮುಂದೆ ಬಂತು, 37 ಹಿಂದೆ ಸರಿಯಿತು. ಲ್ಯಾಬ್ ವರದಿಯ ಅರ್ಧ ವಾಕ್ಯ ಓದಿ ಕೇಸು ಕಟ್ಟುವುದು ಪೋರ್ಚುಗಲ್‌ಗಷ್ಟೇ ಸೀಮಿತವಾದ ರೋಗವಲ್ಲ, ಅದಿರಲಿ. ಕೇಸು ನಿಲ್ಲದೆ ಹೋದದ್ದು ಇದರಿಂದ: ಡಿಎನ್‌ಎ ‘ಸಿಕ್ಕಿತ್ತು’ ಎಂಬ ಮಾತೇ ನಿಂತಿರಲಿಲ್ಲ. 2008ರ ಜುಲೈ 21ರಂದು ಅಲ್ಲಿನ ಪ್ರಾಸಿಕ್ಯೂಷನ್ ಕಡತ ಮುಚ್ಚಿ ದಂಪತಿಯ ಶಂಕಿತ ಪಟ್ಟಿ ತೆಗೆದುಹಾಕಿತು. ಅವರು ಅಪರಾಧ ಎಸಗಿದ್ದಕ್ಕೆ ಸಾಕ್ಷ್ಯವಿಲ್ಲ ಎಂದಿತು.

ಇನ್ನು ಶ್ವಾನದಳ. ಜುಲೈ ಕೊನೆಯಲ್ಲಿ ಬ್ರಿಟನ್ನಿನಿಂದ ಎರಡು ಸ್ಪ್ರಿಂಗರ್ ಸ್ಪೇನಿಯಲ್ ನಾಯಿಗಳನ್ನು ತರಿಸಿದರು, ಎಡ್ಡಿ ಮತ್ತು ಕೀಲಾ. ಎಡ್ಡಿ ಹೆಣದ ವಾಸನೆಗೆ ಪಳಗಿದ್ದು. ವಾಸನೆ ಸಿಕ್ಕರೆ ಬೊಗಳುತ್ತದೆ. ಕೀಲಾ ರಕ್ತಕ್ಕೆ ಮಾತ್ರ. ಸಿಕ್ಕರೆ ಮೂಗನ್ನು ಆ ಜಾಗದತ್ತ ಹಿಡಿದು ಅಲುಗಾಡದೆ ನಿಲ್ಲುತ್ತದೆ. ಒಂದರ ಹಿಂದೆ ಒಂದನ್ನು ಬಿಡಲು ಕಾರಣವಿದೆ. ಎಡ್ಡಿ ಹೆಣಕ್ಕಷ್ಟೇ ಅಲ್ಲ, ಬದುಕಿರುವವರ ಒಣಗಿದ ರಕ್ತಕ್ಕೂ ಬೊಗಳುತ್ತದೆ. ಶೇವ್ ಮಾಡುವಾಗ ಕೊಯ್ದುಕೊಂಡ ರಕ್ತ, ಮಗುವಿನ ಮೂಗಿನಿಂದ ಸುರಿದ ರಕ್ತ, ಯಾವುದಾದರೂ ಸರಿ. ಎಡ್ಡಿ 5ಎ ಮನೆಯ ಸೋಫಾ ಹಿಂದೆ, ಅಪ್ಪ-ಅಮ್ಮನ ಕೋಣೆಯ ಬಟ್ಟೆ ಬೀರುವಿನ ಬಳಿ ಬೊಗಳಿತು. ಅಷ್ಟು ಹೊತ್ತಿಗೆ ಮೂರು ತಿಂಗಳು ಕಳೆದಿತ್ತು, ನಡುವೆ ಆ ಮನೆಯಲ್ಲಿ ಬೇರೆ ಪ್ರವಾಸಿಗರು ಇದ್ದು ಹೋಗಿದ್ದರು. ನಾಯಿಗಳನ್ನು ನಡೆಸಿದ ಮಾರ್ಟಿನ್ ಗ್ರೈಮ್ ಅವರೇ, ಪ್ರಯೋಗಾಲಯದ ಬೆಂಬಲವಿಲ್ಲದೆ ನಾಯಿಯ ಸೂಚನೆಯೊಂದೇ ಸಾಕ್ಷ್ಯವಾಗದು ಎಂದು ವರದಿಯಲ್ಲಿ ಬರೆದಿದ್ದಾರೆ. ಎಲ್ಲಿ ಹತ್ತಿಯಿಂದ ಒರೆಸಿ ಮಾದರಿ ತೆಗೆಯಬೇಕು ಎಂದು ತೋರಿಸುವುದು ನಾಯಿಯ ಕೆಲಸ. ಅದನ್ನೇ ತೀರ್ಪು ಅಂದುಕೊಂಡರೆ ನಾಯಿಗೂ ಅನ್ಯಾಯ.

ಇವೆರಡೂ ತಿದ್ದಲು ಬಂದ ತಪ್ಪುಗಳು. ಸುಮಾರು ಹತ್ತು ತಿಂಗಳು ಹಾಳಾಯಿತು, ಎರಡು ಜೀವಗಳ ಮಾನ ಹೋಯಿತು, ಆದರೂ ಕಡತದಲ್ಲಿ ಸರಿಹೋಯಿತು. ತಿದ್ದಲಾಗದ್ದು ಮೊದಲ ರಾತ್ರಿ.

ಮೊದಲು ಬಂದವರು ಜಿಎನ್‌ಆರ್ ಎಂಬ ಅಲ್ಲಿನ ಗಸ್ತು ಪಡೆಯವರು, ನಮ್ಮ ಹೊಯ್ಸಳ ಗಸ್ತಿನವರು ಬಂದ ಹಾಗೆ ಅನ್ನಿ. ಎಂಟು ಕಿಲೊಮೀಟರ್ ದೂರದ ಲಾಗೋಸ್‌ನಿಂದ ಇಬ್ಬರು ರಾತ್ರಿ 11.10ಕ್ಕೆ ತಲುಪಿದರು. ಮಗು ಎದ್ದು ಎಲ್ಲೋ ನಡೆದುಹೋಗಿರಬೇಕು ಎಂಬುದು ಅವರ ಮೊದಲ ಊಹೆ. ಇದರಲ್ಲಿ ತಪ್ಪೇನಿಲ್ಲ, ಕಾಣೆಯಾದ ಪುಟ್ಟ ಮಕ್ಕಳಲ್ಲಿ ಬಹುಪಾಲು ಹತ್ತಿರದಲ್ಲೇ ಸಿಗುತ್ತವೆ. ತಪ್ಪಾಗಿದ್ದು ಆ ಊಹೆಯೊಂದನ್ನೇ ನೆಚ್ಚಿಕೊಂಡದ್ದರಲ್ಲಿ. ಹುಡುಕಾಟ ಒಂದು ಕಡೆ ನಡೆಯಲಿ, ಇನ್ನೊಂದು ಕಡೆ ಅಪಹರಣ ಎಂದೇ ತಿಳಿದು ಕೋಣೆ ಮುಚ್ಚಬೇಕಿತ್ತು. ಅದಕ್ಕೆ ಬೇಕಿದ್ದದ್ದು ಒಬ್ಬ ಪೇದೆ, ಒಂದು ಕುರ್ಚಿ, ಒಳಹೋದವರ ಹೆಸರು-ಗಂಟೆ ಬರೆಯಲು ಒಂದು ಪುಸ್ತಕ. ಅಪರಾಧ ತನಿಖೆಯ ಹೊಣೆ ಇರುವ ಪೊಲೀಸಿಯಾ ಜುಡಿಸಿಯಾರಿಯಾಕ್ಕೆ ಸುದ್ದಿ ಹೋದದ್ದು ಮಧ್ಯರಾತ್ರಿಗೆ. ಅವರು ಬಂದು, ಮಕ್ಕಳ ಕೋಣೆಯ ಬಾಗಿಲಿಗೆ ಅಡ್ಡಪಟ್ಟಿ ಕಟ್ಟಿ, ಬೆಳಗಿನ ಜಾವ ಮೂರಕ್ಕೆ ಮನೆಯನ್ನು ಭದ್ರಪಡಿಸದೆ ಹೊರಟರು ಎನ್ನುತ್ತಾರೆ ತಾಯಿ. ಮನೆ ಮುಚ್ಚುವಷ್ಟರಲ್ಲಿ ಸುಮಾರು 20 ಜನ ಒಳಗೆ ಓಡಾಡಿದ್ದರು. ಇದನ್ನು ಒಪ್ಪಿಕೊಂಡವರು ಪೊಲೀಸ್ ವಕ್ತಾರರೇ. ಮಕ್ಕಳ ಕೋಣೆಯ ಕಿಟಕಿಯ ಹೊರಗೆ ಜನ ಜಮಾಯಿಸಿದ್ದರು. ಆ ಕಿಟಕಿಯ ಮಡಿಸುಕದಕ್ಕೆ ಬೆರಳಚ್ಚು ಪುಡಿ ಬಳಿದ ಸಿಬ್ಬಂದಿಯ ಕೈಯಲ್ಲಿ ಗವಸು ಇರಲಿಲ್ಲ.

ಗವಸಿಲ್ಲದ ಕೈಯ ಚಿತ್ರ ನೋಡಿ ನಗುವುದು ಸುಲಭ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. 20 ಜನ ಹೊಕ್ಕ ಮನೆಯಲ್ಲಿ ಆಮೇಲೆ ಅಪರಿಚಿತನ ಕೂದಲು ಸಿಕ್ಕರೂ ಅದಕ್ಕೆ ಬೆಲೆ ಉಳಿಯುವುದಿಲ್ಲ. ‘ಹುಡುಕಲು ಬಂದಿದ್ದೆ’ ಎಂದು ಯಾರು ಬೇಕಾದರೂ ಹೇಳಬಹುದು. ಸಾಕ್ಷ್ಯ ಅಲ್ಲೇ ಇದ್ದರೂ ಅದು ಯಾರತ್ತಲೂ ಬೆರಳು ತೋರಿಸದಂತಾಯಿತು. ಇದಕ್ಕೆ ಯಾವ ಹೊಸ ತಂತ್ರಜ್ಞಾನದಲ್ಲೂ ಮದ್ದಿಲ್ಲ.

ರಸ್ತೆಯ ಕತೆಯೂ ಅಷ್ಟೆ. ಅಲ್ಲಿಂದ ಸ್ಪೇನ್ ಗಡಿಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರಿಲ್ಲ. ನಾಕಾಬಂದಿ ಬಿದ್ದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ ಎನ್ನುತ್ತಾರೆ ತಾಯಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಗಡಿಯತ್ತ ಹೋಗುವ ಹೆದ್ದಾರಿಯ ಆ ರಾತ್ರಿಯ ಕ್ಯಾಮೆರಾ ಚಿತ್ರಗಳನ್ನು ಪೊಲೀಸರು ಕೇಳಲೇ ಇಲ್ಲ ಎಂದು ಹೆದ್ದಾರಿ ನೋಡಿಕೊಳ್ಳುವ ಕಂಪನಿ ಹೇಳಿತು. ಇಂಟರ್‌ಪೋಲ್ ಎಚ್ಚರಿಕೆ ಹೊರಬರಲು ಐದು ದಿನ ಹಿಡಿಯಿತು.

ಇಷ್ಟರ ಮೇಲೆ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದಿದೆ. ಅದರ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ, ಏಕೆಂದರೆ ಅದರಲ್ಲಿ ನಾಯಿಯೂ ಇಲ್ಲ, ರಕ್ತವೂ ಇಲ್ಲ. ಊಟದ ಗುಂಪಿನ ಗೆಳತಿಯೊಬ್ಬರು ರಾತ್ರಿ 9.15ರ ಸುಮಾರಿಗೆ 5ಎ ಬಳಿ ಒಬ್ಬ ಗಂಡಸು ಮಗುವನ್ನು ಎತ್ತಿಕೊಂಡು ಹೋಗುವುದನ್ನು ಕಂಡಿದ್ದರು. 9.05ಕ್ಕೆ ಮಗು ಇತ್ತು, 9.15ಕ್ಕೆ ಯಾರೋ ಮಗು ಎತ್ತಿಕೊಂಡು ಹೋದ. ಹಾಗಾದರೆ ಎಲ್ಲ ನಡೆದದ್ದು ಆ ಹತ್ತು ನಿಮಿಷದಲ್ಲಿ. ಯಾರು ಎಲ್ಲಿದ್ದರು ಎಂಬ ವಿಚಾರಣೆಯೂ, ಚಿತ್ರ ಬಿಡಿಸಿ ಹಂಚಿದ್ದೂ, ಜಗತ್ತಿನ ಗಮನವೂ ಈ ಹತ್ತು ನಿಮಿಷದ ಸುತ್ತ ಗಿರಕಿ ಹೊಡೆಯಿತು. ಬ್ರಿಟನ್ನಿನ ಕಡೆಯಿಂದ ಪ್ರಕರಣವನ್ನು ಮರುಪರಿಶೀಲಿಸುತ್ತಿದ್ದ ಸ್ಕಾಟ್ಲೆಂಡ್ ಯಾರ್ಡ್ 2013ರ ಅಕ್ಟೋಬರಿನಲ್ಲಿ ಹೊರಗೆಡವಿದ್ದೇನು? ಆ ಗಂಡಸು ಬಹುಮಟ್ಟಿಗೆ ಅದೇ ರೆಸಾರ್ಟಿಗೆ ರಜೆಗೆ ಬಂದಿದ್ದ ಒಬ್ಬ ಬ್ರಿಟಿಷ್ ತಂದೆ. ರಾತ್ರಿ ಶಿಶುವಿಹಾರದಿಂದ ತನ್ನ ಮಗಳನ್ನೇ ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದವನು.

ಆರು ವರ್ಷ! ಆ ರಾತ್ರಿ ಶಿಶುವಿಹಾರದಿಂದ ಮಕ್ಕಳನ್ನು ಕರೆದೊಯ್ದವರು ಯಾರು, ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಎಂದು ಅದೇ ವಾರ ಒಬ್ಬೊಬ್ಬರನ್ನೂ ಕೂರಿಸಿ ಕೇಳಿದ್ದರೆ ಅರ್ಧ ದಿನದಲ್ಲಿ ಬಗೆಹರಿಯುತ್ತಿದ್ದ ವಿಷಯ ಅದು. 9.15ರ ಗೂಟ ಕಿತ್ತೊಡನೆ ಹತ್ತು ನಿಮಿಷದ ಅವಧಿ 55 ನಿಮಿಷಕ್ಕೆ ಹಿಗ್ಗಿತು. ಮೂಲೆಗೆ ಬಿದ್ದಿದ್ದ ಇನ್ನೊಂದು ಹೇಳಿಕೆಗೆ ಜೀವ ಬಂತು: 10 ಗಂಟೆಯ ಸುಮಾರಿಗೆ ಮಗುವೊಂದನ್ನು ಎತ್ತಿಕೊಂಡು ಕಡಲ ಕಡೆ ಹೋಗುತ್ತಿದ್ದವನನ್ನು ಐರ್ಲೆಂಡಿನ ಒಂದು ಕುಟುಂಬ ನೋಡಿತ್ತು. ಅವರ ನೆನಪಿನ ಮೇಲೆ ಖಾಸಗಿ ಪತ್ತೇದಾರರು 2008ರಲ್ಲೇ ಮಾಡಿಸಿದ್ದ ಮುಖಚಿತ್ರಗಳು ಸಾರ್ವಜನಿಕರ ಕಣ್ಣಿಗೆ ಬಿದ್ದದ್ದೂ 2013ರ ಅಕ್ಟೋಬರಿನಲ್ಲೇ. ಯಾರನ್ನೋ ಕಂಡು ಆರು ವರ್ಷದ ಮೇಲೆ ಮುಖ ನೆನಪಿಟ್ಟುಕೊಂಡಿರುವವರು ಎಷ್ಟು ಜನ, ನೀವೇ ಹೇಳಿ.

‘ತಪ್ಪೆಲ್ಲ ಪೊಲೀಸರದ್ದೇನಾ’ ಎಂದಿರಿ. ಅಲ್ಲ. ಆಗ ಪೋರ್ಚುಗಲ್‌ನಲ್ಲಿ ತನಿಖೆಯ ಗೋಪ್ಯತೆಯ ಕಾನೂನು ಬಿಗಿಯಾಗಿತ್ತು. ಪೊಲೀಸರು ಅಧಿಕೃತವಾಗಿ ಬಾಯಿ ಬಿಡುವಂತಿರಲಿಲ್ಲ. ಬಾಗಿಲು ಮುಚ್ಚಿದ್ದರಿಂದ ಸುದ್ದಿ ಕಿಟಕಿಯಿಂದ ಸೋರಿತು, ಸೋರಿದ್ದನ್ನು ಬ್ರಿಟಿಷ್ ಪತ್ರಿಕೆಗಳು ಉಪ್ಪು-ಖಾರ ಹಚ್ಚಿ ಬಡಿಸಿದವು. 2008ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್ ಪತ್ರಿಕಾ ಸಮೂಹ ದಂಪತಿಗೆ 5.5 ಲಕ್ಷ ಪೌಂಡ್ ಪರಿಹಾರ ಕೊಟ್ಟು ಮುಖಪುಟದಲ್ಲಿ ಕ್ಷಮೆ ಕೇಳಿತು. ದಂಪತಿಗಿಂತ ಮೊದಲು ಶಂಕಿತನೆನಿಸಿಕೊಂಡು, ಆಮೇಲೆ ನಿರ್ದೋಷಿ ಎನಿಸಿದ ಸ್ಥಳೀಯ ನಿವಾಸಿಯೊಬ್ಬರಿಗೂ ಪತ್ರಿಕೆಗಳು ಸುಮಾರು 6 ಲಕ್ಷ ಪೌಂಡ್ ತೆರಬೇಕಾಯಿತು. ಆ ರಾತ್ರಿಯ ಓಡಾಟವನ್ನು ಸ್ಥಳದಲ್ಲೇ ಮರುನಟಿಸಿ ನೋಡಲು 2008ರಲ್ಲಿ ಪೋರ್ಚುಗಲ್ ಪೊಲೀಸರು ಕೇಳಿದಾಗ ಗೆಳೆಯರ ಗುಂಪು ಬರಲಿಲ್ಲ. ಕಡತ ಮುಚ್ಚುವ ಆದೇಶದಲ್ಲಿ ಅದಕ್ಕೂ ಒಂದು ಮಾತಿದೆ. ಬ್ರಿಟನ್ನಿನ ಒಂದಲ್ಲ ಎರಡಲ್ಲ, ಹಲವು ಸಂಸ್ಥೆಗಳು ನೆರವಿಗೆಂದು ನುಗ್ಗಿ ಸ್ಥಳೀಯರ ಜೊತೆ ಸಂಬಂಧ ಕೆಡಿಸಿದವು ಎಂದು ಬ್ರಿಟಿಷ್ ಸರ್ಕಾರವೇ ಅಲ್ಲಿನ ಮಕ್ಕಳ ಶೋಷಣೆ ತಡೆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಿಮ್ ಗ್ಯಾಂಬಲ್ ಅವರಿಂದ ಮಾಡಿಸಿದ ಪರಿಶೀಲನೆ ಹೇಳಿತು. ಬಾಣಂತಿ ಕೋಣೆಯಲ್ಲಿ ಹತ್ತು ಅಜ್ಜಿಯರು ಸೇರಿದಂತೆ.

ಶಂಕಿತ ಎಂಬ ಮಾತಿನ ಬಗ್ಗೆಯೂ ಒಂದು ಸಣ್ಣ ಎಚ್ಚರಿಕೆ. ಪೋರ್ಚುಗೀಸಿನ ಪದ ‘ಅರ್ಗೀದು’. ನಮ್ಮ ಆರೋಪಿಗೆ ಅದು ಸಮವಲ್ಲ. ಅಲ್ಲಿ ಸಾಕ್ಷಿಯಾದವನು ಉತ್ತರ ಕೊಡಲೇಬೇಕು. ಅರ್ಗೀದು ಆದವನಿಗೆ ವಕೀಲರನ್ನು ಕರೆಸುವ, ಬಾಯಿ ಮುಚ್ಚಿಕೊಂಡಿರುವ ಹಕ್ಕು ಬರುತ್ತದೆ. ತಾಯಿ 48 ಪ್ರಶ್ನೆಗಳಿಗೆ ಉತ್ತರಿಸಲಿಲ್ಲ ಎಂಬುದನ್ನು ಇಂದಿಗೂ ತಪ್ಪೊಪ್ಪಿಗೆಯಂತೆ ಹಂಚುತ್ತಾರೆ. ಅವರು ಬಳಸಿದ್ದು ಆ ಹಕ್ಕನ್ನು. ವಕೀಲರು ಯಾರಿಗೇ ಆದರೂ ಕೊಡುವ ಸಲಹೆ ಅದೇ.

ತನಿಖೆ ನಡೆಸುತ್ತಿದ್ದ ಗೊನ್ಸಾಲೊ ಅಮರಾಲ್ ಬ್ರಿಟಿಷ್ ಪೊಲೀಸರನ್ನು ಪತ್ರಿಕೆಯ ಮುಂದೆ ಟೀಕಿಸಿ 2007ರ ಅಕ್ಟೋಬರ್ 2ರಂದು ಜಾಗ ಕಳೆದುಕೊಂಡರು, ಕಡತ ಮುಚ್ಚಿದ ಮೂರೇ ದಿನಕ್ಕೆ ಪುಸ್ತಕ ಹೊರತಂದರು. ಅವರ ಮೇಲೆ ದಂಪತಿ ಹೂಡಿದ ಮಾನನಷ್ಟ ಮೊಕದ್ದಮೆ 2015ರಲ್ಲಿ ಗೆದ್ದು, ಮೇಲಿನ ನ್ಯಾಯಾಲಯಗಳಲ್ಲಿ ಬಿತ್ತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಡತ ಮುಚ್ಚಿದ್ದು ನಿರ್ದೋಷಿ ಎಂದು ಸಾಬೀತಾದಂತಲ್ಲ ಎಂದಿತು. ಎರಡೂ ಕಡೆಯವರು ಈ ವಾಕ್ಯವನ್ನು ತಮಗೆ ಬೇಕಾದಂತೆ ತಿರುಚುತ್ತಾರೆ. ಅದು ದೋಷಿ ಎಂದೂ ಹೇಳುವುದಿಲ್ಲ. ಪೊಲೀಸರು ಎಡವಿದ್ದಕ್ಕೂ ಯಾರು ಮಾಡಿದರು ಎಂಬುದಕ್ಕೂ ನಂಟಿಲ್ಲ: ತನಿಖೆ ಕೆಟ್ಟಿತು, ಆದ್ದರಿಂದ ಅಪ್ಪ-ಅಮ್ಮ ಅಪರಾಧಿಗಳಲ್ಲ ಎನ್ನುವುದೂ ತರ್ಕವಲ್ಲ, ತನಿಖೆ ಕೆಟ್ಟಿತು, ಆದ್ದರಿಂದ ಏನನ್ನೋ ಮುಚ್ಚಿಟ್ಟರು ಎನ್ನುವುದೂ ತರ್ಕವಲ್ಲ.

ನೀವು ನೋಡಿದ ಸರಣಿ ಹೊರಬಂದದ್ದು 2019ರ ಮಾರ್ಚ್ 15ಕ್ಕೆ. ಸಕ್ರಿಯ ತನಿಖೆಗೆ ಅಡ್ಡಿಯಾಗಬಹುದೆಂದು ದಂಪತಿ ಅದರಲ್ಲಿ ಭಾಗವಹಿಸಲಿಲ್ಲ, ಅಮರಾಲ್ ಮಾತಾಡಿದ್ದಾರೆ. ಆದ್ದರಿಂದ ಒಂದು ಕಡೆಯ ದನಿ ಹಳೆಯ ತುಣುಕುಗಳಿಂದ ಬರುತ್ತದೆ, ಇನ್ನೊಂದು ಕಡೆಯದು ಕ್ಯಾಮೆರಾ ಮುಂದೆ ಕೂತು. ಇದನ್ನು ನೆನಪಿಟ್ಟುಕೊಂಡು ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಕೇಸು ದಿಕ್ಕು ಬದಲಿಸಿದ್ದು ಸರಣಿ ಮುಗಿದ ಮೇಲೆ. 2020ರ ಜೂನ್‌ನಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಪ್ರಾಸಿಕ್ಯೂಟರ್‌ಗಳು ಮಗು ಸತ್ತಿದೆ ಎಂದೇ ತಾವು ನಂಬುವುದಾಗಿ ಹೇಳಿ, ಜೈಲಿನಲ್ಲಿದ್ದ ಒಬ್ಬ ಜರ್ಮನ್ ಪ್ರಜೆಯತ್ತ ಬೆರಳು ತೋರಿಸಿದರು. 2005ರಲ್ಲಿ ಅದೇ ಪ್ರೈಯಾ ದ ಲುಜ್‌ನಲ್ಲಿ ವೃದ್ಧೆಯೊಬ್ಬರ ಮೇಲೆ ಅತ್ಯಾಚಾರ ಎಸಗಿದ್ದಕ್ಕೆ ಆತನಿಗೆ ಶಿಕ್ಷೆಯಾಗಿತ್ತು. ಆತನದೆನ್ನಲಾದ ಫೋನಿಗೆ ಆ ರಾತ್ರಿ 7.32ರಿಂದ 8.02ರವರೆಗೆ, ಊರಿನ ಟವರ್ ವ್ಯಾಪ್ತಿಯಲ್ಲಿ, ಒಂದು ಕರೆ ಬಂದಿತ್ತು. ಆತನ ಜಾಗ್ವಾರ್ ಕಾರು ಮರುದಿನವೇ ಬೇರೆಯವರ ಹೆಸರಿಗೆ ನೋಂದಣಿಯಾಗಿತ್ತು.

ಇಲ್ಲೂ ಅದೇ ಅಳತೆಗೋಲು ಹಿಡಿಯೋಣ. ಟವರ್ ದಾಖಲೆ ಫೋನ್ ಆ ಸುತ್ತಮುತ್ತ ಇತ್ತು ಎನ್ನುತ್ತದೆ. ಯಾರ ಕೈಯಲ್ಲಿತ್ತು, ಯಾವ ಮನೆ ಮುಂದೆ ಎಂದು ಹೇಳುವುದಿಲ್ಲ. ಕರೆ ಮುಗಿದದ್ದು ತಂದೆ ಮಗುವನ್ನು ನೋಡುವುದಕ್ಕೂ ಒಂದು ಗಂಟೆ ಮೊದಲು. ಆದರೆ 2007ರ ಕರೆ ವಿವರ 13 ವರ್ಷದ ಮೇಲೂ ಕೆಲಸಕ್ಕೆ ಬಂದದ್ದು ಅದನ್ನು ಯಾರೋ ಕಾದಿಟ್ಟಿದ್ದರಿಂದ ಎಂಬುದನ್ನೂ ಗಮನಿಸಿ. ಎಡವಟ್ಟಿನ ಪಟ್ಟಿಯಲ್ಲಿ ಇಂಥದ್ದು ಕಾಣುವುದಿಲ್ಲ. ಆತ ಆರೋಪ ಅಲ್ಲಗಳೆದಿದ್ದಾನೆ. 2023ರಲ್ಲಿ ಅರಾಡೆ ಜಲಾಶಯದ ದಡ, 2025ರ ಜೂನ್‌ನಲ್ಲಿ ಲಾಗೋಸ್ ಸಮೀಪದ ಪಾಳು ಕಟ್ಟಡಗಳು, ಎಲ್ಲ ಜಾಲಾಡಿದರು. 2025ರ ಸೆಪ್ಟೆಂಬರಿನಲ್ಲಿ ಹಳೆಯ ಶಿಕ್ಷೆ ಮುಗಿಸಿ ಆತ ಹೊರಬಂದಾಗಲೂ ಮೆಡಲೀನ್ ವಿಷಯದಲ್ಲಿ ದೋಷಾರೋಪ ಇರಲಿಲ್ಲ. ಸುಳಿವುಗಳು ಸೇರಿ ಸಾಕ್ಷ್ಯವಾಗಬೇಕಾದರೆ 5ಎ ಮನೆಯೊಳಗಿನ ಒಂದು ಎಳೆ ಬೇಕಿತ್ತು. ಅದು ಮೊದಲ ರಾತ್ರಿಯೇ ತುಳಿತಕ್ಕೆ ಸಿಕ್ಕಿತ್ತು.

ನಿಮ್ಮ ಕೊನೆಯ ಪ್ರಶ್ನೆ: ನಮ್ಮಲ್ಲಾದರೆ? ‘24 ಗಂಟೆ ಕಾದು ಬನ್ನಿ’ ಎಂಬ ಮಾತಿಗೆ ಕಾನೂನಿನ ಬಲವಿಲ್ಲ. 2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಆಗಲೇಬೇಕು, ಬೇರೆಯದು ತಿಳಿದುಬರುವ ತನಕ ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ತನಿಖೆ ಮಾಡಬೇಕು ಎಂದಿದೆ. ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ಕಡತ ಮಾನವ ಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಠಾಣೆಯ ಸರಹದ್ದು ನೆಪವಾಗಬಾರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗುತ್ತದೆ. ಬರೆದುಕೊಳ್ಳದಿದ್ದರೆ ಅದೇ ಕಲಂ ಅಡಿ ಎಸ್‌ಪಿಗೆ ಲಿಖಿತ ದೂರು. ಮೊದಲ ಕರೆ 112, ಜೊತೆಗೆ ಮಕ್ಕಳ ಸಹಾಯವಾಣಿ 1098.

ಹುಡುಕಲು ಹತ್ತು ಜನ ಹೋಗಲಿ, ಆದರೆ ಮಗು ಕೊನೆಗೆ ಇದ್ದ ಕೋಣೆಯನ್ನು ಒಮ್ಮೆ ಮಂಚದಡಿ, ಬೀರುವಿನೊಳಗೆ ನೋಡಿ ಬಾಗಿಲು ಎಳೆದುಬಿಡಿ. ನೆಂಟರನ್ನು ಅಲ್ಲಿ ಕೂರಿಸಬೇಡಿ, ಗುಡಿಸಬೇಡಿ, ಕಿಟಕಿ ಮುಟ್ಟಬೇಡಿ. ಮಗುವಿನ ತೊಳೆಯದ ಬಟ್ಟೆ, ದಿಂಬಿನ ಚೀಲ, ಹಲ್ಲುಜ್ಜುವ ಬ್ರಷ್ ತೆಗೆದಿಡುವುದಾದರೆ ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ಕಟ್ಟಿ ಡಿಎನ್‌ಎ ಕೆಡುತ್ತದೆ. ಬೀದಿಯ ಅಂಗಡಿಗಳ ಸಿಸಿಟಿವಿ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತಾ ಹೋಗುತ್ತದೆ, ಕೆಲವು ಕಡೆ ವಾರದೊಳಗೇ. ಅಂದೇ ಪೊಲೀಸರಿಗೆ ಕ್ಯಾಮೆರಾಗಳ ಪಟ್ಟಿ ಕೊಡಿ. ಪರದೆಯ ಮೇಲಿನ ಗಡಿಯಾರವನ್ನು ನಿಮ್ಮ ಫೋನಿನ ಗಂಟೆಯ ಪಕ್ಕ ಇಟ್ಟು ಒಂದು ಫೋಟೊ ತೆಗೆದುಕೊಳ್ಳಿ. ಎಷ್ಟೋ ಡಿವಿಆರ್‌ಗಳು (ಸಿಸಿಟಿವಿ ಚಿತ್ರ ದಾಖಲಿಸುವ ಪೆಟ್ಟಿಗೆಗಳು) ಹತ್ತಿಪ್ಪತ್ತು ನಿಮಿಷ ಹಿಂದೆ-ಮುಂದೆ ಓಡುತ್ತಿರುತ್ತವೆ. ಹತ್ತು ನಿಮಿಷ ಏನು ಮಾಡಬಲ್ಲದು ಎಂದು ಮೇಲೆ ನೋಡಿದಿರಿ.

ಇನ್ನೊಂದು. ಆ ರಾತ್ರಿ ಗೆಳೆಯರ ಗುಂಪು ಒಟ್ಟಿಗೆ ಕೂತು, ಯಾರು ಎಷ್ಟು ಗಂಟೆಗೆ ಎದ್ದರು ಎಂದು ನೆನಪಿಸಿಕೊಂಡು, ಮಗುವಿನ ಸ್ಟಿಕ್ಕರ್ ಪುಸ್ತಕದ ಹರಿದ ರಟ್ಟಿನ ಮೇಲೆ ವೇಳಾಪಟ್ಟಿ ಬರೆದಿತ್ತು. ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಆದರೆ ಒಟ್ಟಿಗೆ ಕೂತು ಬರೆದಾಗ ಒಬ್ಬರ ಅನುಮಾನ ಇನ್ನೊಬ್ಬರ ಖಚಿತತೆಯಲ್ಲಿ ಕರಗುತ್ತದೆ. ಆಮೇಲೆ ಯಾರದು ಯಾವ ನೆನಪು ಎಂದು ಬಿಡಿಸಲು ಬರುವುದಿಲ್ಲ. ಮನೆಯಲ್ಲಿ ಐದು ಜನ ಇದ್ದರೆ ಐದು ಹಾಳೆ ಕೊಡಿ. ಪರಸ್ಪರ ಮಾತಾಡುವ ಮೊದಲೇ ಪ್ರತಿಯೊಬ್ಬರೂ ಮಗುವನ್ನು ಕೊನೆಗೆ ಕಂಡ ಗಂಟೆ, ಅದು ಅಷ್ಟೇ ಗಂಟೆ ಎಂದು ಯಾತರಿಂದ ಗೊತ್ತು (ಧಾರಾವಾಹಿ ಶುರುವಾಗಿತ್ತು, ಕುಕ್ಕರ್ ಕೂಗಿತ್ತು, ಫೋನ್ ಬಂದಿತ್ತು), ಮೈಮೇಲಿದ್ದ ಬಟ್ಟೆ, ದಾರಿಯಲ್ಲಿ ಕಂಡವರು, ಇಷ್ಟನ್ನು ಬರೆದು ಸಹಿ ಹಾಕಲಿ. ಒಬ್ಬರದ್ದಕ್ಕೆ ಇನ್ನೊಬ್ಬರದ್ದು ತಾಳೆಯಾಗದಿದ್ದರೆ ಹೆದರಿ ತಿದ್ದಬೇಡಿ, ಐದೂ ಹಾಳೆಗಳನ್ನು ಹಾಗೇ ತನಿಖಾಧಿಕಾರಿಯ ಕೈಗೆ ಕೊಡಿ.